ಕಾವಲು ನೆಲದ ಯೋಗ್ಯತೆ



ರಾಜ್ಯೋತ್ಸವದ ವೇದಿಕೆಯಿಂದ ನುಡಿಯ ಮಾತು, ಗಡಿಯ ಮಾತು, ಹಂಪೆಯ ವೈಭವದ ಮಾತು ಕೇಳಿಬರುವುದು ವಾಡಿಕೆ. ನಾನಾದರೋ ಇಂದು ಮಣ್ಣಿನ ಮಾತನ್ನು ಎತ್ತಿಕೊಂಡಿದ್ದೇನೆ. ಅದೂ ಗದ್ದೆ ತೋಟಗಳ ಮಣ್ಣಲ್ಲ. ದನ ಕುರಿ ಮೇಯುವ ಒಣ ಹುಲ್ಲುಗಾವಲಿನ ಮಣ್ಣು. ಇಂಥ ಸಪ್ಪೆ ವಿಷಯಕ್ಕೆ ಅನುಮತಿ ಕೊಟ್ಟ ಕಾರ್ಯದರ್ಶಿಗಳ ಧೈರ್ಯವನ್ನು ಮೊದಲು ಮೆಚ್ಚಬೇಕು.

ನಮ್ಮಲ್ಲಿ ಅನೇಕರು ಊರಿಗೆ ಹೋಗುವಾಗ ದೌಂಡ್, ಕುರ್ಡುವಾಡಿ, ಸೊಲ್ಲಾಪುರದ ದಾರಿ ಹಿಡಿಯುತ್ತೇವೆ. ಬೇಸಿಗೆಯಲ್ಲಿ ರೈಲಿನ ಕಿಟಕಿಯಿಂದ ನೋಡಿದರೆ ಅಲ್ಲಲ್ಲಿ ಹಳದಿ ಹುಲ್ಲು, ಕಲ್ಲು, ನಾಲ್ಕಾರು ಜಾಲಿ ಗಿಡ. ಪಕ್ಕದವರು ಆಕಳಿಸಿ, ‘ಎಂಥ ಹಾಳು ನೆಲ ಸ್ವಾಮಿ!’ ಎನ್ನುತ್ತಾರೆ. ನಾವೂ ಹೌದೆನ್ನುತ್ತೇವೆ. ಇದೇ ನೋಟ ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಿರಿಯೂರುಗಳ ಕಡೆಯೂ ಉಂಟು. ಮಣ್ಣಿನ ಸರ್ವೆಯ ಕೆಲಸದಲ್ಲಿ ಅನ್ನ ಕಂಡ ನಾನು ಆ ಸೀಮೆಯಲ್ಲಿ ಬಹಳ ಗುಂಡಿಗಳನ್ನು ಅಗೆಸಿದ್ದೇನೆ. ಆದ್ದರಿಂದ ಅಲ್ಲಿಯ ನೆಲವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ.

ಅಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಮಳೆ ಎಲ್ಲ ಕಡೆಗೂ ಹೆಚ್ಚುಕಡಿಮೆ ಒಂದೇ ಸಮ ಬೀಳುತ್ತದೆ. ಬಿದ್ದ ನೀರನ್ನು ಯಾವ ನೆಲ ಎಷ್ಟು ಹಿಡಿದಿಟ್ಟೀತು ಎಂಬುದರಲ್ಲಿ ಮಾತ್ರ ಅಜಗಜಾಂತರ. ಒಂದು ದಿಬ್ಬದ ನೆತ್ತಿಯಿಂದ ಹಳ್ಳದವರೆಗೆ ನನ್ನೊಡನೆ ನಡೆದು ಬನ್ನಿ. ಅರ್ಧ ಗಂಟೆಯ ದಾರಿಯಲ್ಲಿ ನಾಲ್ಕು ಬಗೆಯ ಮಣ್ಣನ್ನು ಕಾಣುವಿರಿ.

ನೆತ್ತಿಯ ಮೇಲಿರುವುದು ಗರಸು ಬೆರೆತ ಕೆಂಪು ಮಣ್ಣು. ಕಣಶಿಲೆ ಪುಡಿಯಾಗಿ ಆದದ್ದು. ಕಬ್ಬಿಣದ ಅಂಶದಿಂದ ಕೆಂಪು ಬಣ್ಣ ಬಂದಿದೆ. ಒಂದು ಗೇಣು ಅಗೆಯುವಷ್ಟರಲ್ಲಿ ಗುದ್ದಲಿ ಕಲ್ಲಿಗೆ ತಾಗಿ ಠಣ್ ಎನ್ನುತ್ತದೆ. ಕಾಲು ಮೀಟರ್ ಆಳದ ಇಂಥ ಮಣ್ಣು ಗಿಡಕ್ಕೆ ಒದಗುವ ನೀರನ್ನು 25 ಮಿಲಿಮೀಟರಿನಷ್ಟು ಹಿಡಿದಿಡುವುದೂ ಕಷ್ಟ. ಮಳೆ ನಿಂತ ವಾರದಲ್ಲೇ ಬೆಳೆ ಬಾಡುತ್ತದೆ. ಆದರೆ ಹುಲ್ಲು ಬಾಡಿದರೂ ಸಾಯುವುದಿಲ್ಲ. ಪೊರಕೆಗೆ ಬಳಸುವ ಹಂಚಿಕಡ್ಡಿ, ದನ ಮೇಯುವ ಕರಡದ ಹುಲ್ಲು ಮೇಲೆ ಒಣಗಿ, ಬೇರಿನಲ್ಲಿ ಜೀವ ಹಿಡಿದುಕೊಂಡು ಮುಂದಿನ ಮಳೆಗೆ ಕಾದಿರುತ್ತವೆ. ಆ ಬೇರುಗಳ ಬಲೆಯೇ ಆ ಒಂದು ಗೇಣು ಮಣ್ಣನ್ನು ಅಲ್ಲಿ ನಿಲ್ಲಿಸಿರುವುದು.

ಇಳಿಜಾರಿನ ನಡುವೆ ಬಂದರೆ ಕೆಂಪು ಮಣ್ಣು ಆಳವಾಗುತ್ತದೆ, ನಯವಾಗುತ್ತದೆ. ಇದು ನಮ್ಮವರು ಮಸಾರಿ ಎನ್ನುವ ನೆಲ. ಬದು ಹಾಕಿ, ಗೊಬ್ಬರ ಕೊಟ್ಟರೆ ಇಲ್ಲಿ ಕಡಲೆಕಾಯಿ, ರಾಗಿ, ಸಜ್ಜೆ ಬಂದಾವು. ಚಳ್ಳಕೆರೆಗೆ ಎಣ್ಣೆಯ ಊರೆಂಬ ಹೆಸರು ಬಂದದ್ದು ಈ ಕೆಂಪು ನೆಲದ ಕಡಲೆಕಾಯಿಯಿಂದಲೇ. ಮಸಾರಿಯಲ್ಲಿ ಬೆಳೆದ ಬೆಳೆಯನ್ನು ಕಂಡು ಆಸೆಯಿಂದ ನೆತ್ತಿಯ ಗರಸಿಗೂ ನೇಗಿಲು ಹೂಡುವುದೇ ತಪ್ಪು. ಬಣ್ಣ ಒಂದೇ ಆದರೂ ಆಳ ಬೇರೆ.

ಇನ್ನೂ ಕೆಳಗೆ ಇಳಿದರೆ ಎರೆ ಭೂಮಿ, ಕಪ್ಪು ಮಣ್ಣು. ಇದರ ಜೇಡಿ ನೀರು ಕುಡಿದು ಉಬ್ಬುತ್ತದೆ. ಬಿಸಿಲಿಗೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಂದು ಮೀಟರ್ ಆಳದ ಎರೆ 150 ಮಿಲಿಮೀಟರಿಗೂ ಮಿಕ್ಕಿ ನೀರನ್ನು ಒಡಲಲ್ಲಿ ಇಟ್ಟುಕೊಳ್ಳಬಲ್ಲುದು. ಆದ್ದರಿಂದಲೇ ಹಿಂಗಾರಿಯ ಜೋಳ, ಕಡಲೆಗಳು ಬರಿಯ ಇಬ್ಬನಿ ನೋಡಿಕೊಂಡು ಬೆಳೆದಂತೆ ತೋರುತ್ತವೆ. ಆದರೆ ಹಸಿ ಎರೆಯ ಮೇಲೆ ದನ ಬಿಟ್ಟರೆ ಗೊರಸು ಹೂತು, ಮಣ್ಣು ಮೆದ್ದು ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಇದು ಮೇವಿನ ನೆಲವಲ್ಲ. ಸುಗ್ಗಿಯಾದ ಮೇಲೆ ಕೂಳೆ ಮೇಯಿಸಿ, ಕುರಿ ಮಂದೆ ನಿಲ್ಲಿಸಿದರೆ ನೆಲಕ್ಕೂ ಲಾಭ, ಮಂದೆಗೂ ಲಾಭ.

ಹಳ್ಳದ ಅಂಚಿನ ತಗ್ಗಿನಲ್ಲಿ ನಾಲ್ಕನೆಯದು, ಚೌಳು. ಮೇಲಿನಿಂದ ನೀರು ತಂದ ಲವಣ ಅಲ್ಲಿ ನಿಂತು, ಬಿಸಿಲಿಗೆ ಬೆಳ್ಳಗೆ ಹೊರಳುತ್ತದೆ. ಸೋಡಿಯಂ ಹೆಚ್ಚಾದ ಕಡೆ ಮಣ್ಣಿನ ಕಣಗಳು ಒಡೆದು ರಂಧ್ರಗಳು ಮುಚ್ಚಿಹೋಗಿ ನೀರು ಇಂಗುವುದೇ ಇಲ್ಲ. ಜಿಪ್ಸಂ ಹಾಕಿ, ಕಾಲುವೆ ತೋಡಿ ಲವಣವನ್ನು ತೊಳೆದರೆ ಸುಧಾರಿಸೀತು. ಅದಕ್ಕೆ ಖರ್ಚೂ ನೀರೂ ಬೇಕು. ಅಷ್ಟು ಇಲ್ಲದವರು ಗರಿಕೆಯನ್ನು ಬೆಳೆಯಗೊಟ್ಟು, ಬಳ್ಳಾರಿ ಜಾಲಿ ಹಬ್ಬದಂತೆ ನೋಡಿಕೊಂಡರೆ ಸಾಕು.

ಒಂದೇ ದಿಬ್ಬ, ಒಂದೇ ಮಳೆ. ಆದರೆ ನಾಲ್ಕು ಮಣ್ಣು, ನಾಲ್ಕು ಉಪಯೋಗ. ಇದನ್ನು ನಮ್ಮ ಹಿರಿಯರು ಪ್ರಯೋಗಶಾಲೆಯಿಲ್ಲದೆಯೇ ಅರಿತಿದ್ದರು. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎನಿಸಿಕೊಂಡಿತು. ಫಿರಂಗಿ ಎಳೆದ ಆ ಎತ್ತುಗಳ ಖ್ಯಾತಿ ನಿಮಗೆ ತಿಳಿದದ್ದೇ. ಅವುಗಳಿಗಾಗಿ ಮೀಸಲಿಟ್ಟ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಕೆರೆಯಂಗಳ, ನೆರಳು, ನೀರು ಇದ್ದ ಜಾಗಗಳು ಬೇಸಿಗೆಗೆ. ದನ ಒಂದು ಕಾವಲನ್ನು ಬಿಟ್ಟು ಇನ್ನೊಂದಕ್ಕೆ ಹೋದಾಗ ಮೊದಲನೆಯದರ ಹುಲ್ಲು ಬೀಜ ಕಟ್ಟಿ ಚೇತರಿಸಿಕೊಳ್ಳುತ್ತಿತ್ತು. ಇದನ್ನು ಭೂಬಳಕೆಯ ಯೋಜನೆ ಎನ್ನದೆ ಬೇರೇನೆಂದು ಕರೆಯೋಣ?

ಈಗಿನ ಶಾಸ್ತ್ರವೂ ಹೇಳುವುದು ಹೆಚ್ಚುಕಡಿಮೆ ಅದನ್ನೇ. ಭೂಮಿಯನ್ನು ಎಂಟು ವರ್ಗಗಳಾಗಿ ವಿಂಗಡಿಸುವ ಒಂದು ಕ್ರಮವಿದೆ. ಮೊದಲ ನಾಲ್ಕು ಸಾಗುವಳಿಗೆ ಸಲ್ಲುವಂಥವು. ಉಳಿದ ನಾಲ್ಕು ಹುಲ್ಲುಗಾವಲಿಗೆ, ಕಾಡಿಗೆ, ವನ್ಯಜೀವಿಗಳಿಗೆ. ಐದರಿಂದ ಎಂಟು ಎಂದರೆ ನಪಾಸಾದ ನೆಲವೆಂದು ಅರ್ಥವಲ್ಲ, ಬೇರೆ ಕೆಲಸದ ನೆಲ ಎಂದಷ್ಟೇ ಅರ್ಥ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಒಂದು ಹಳ್ಳಿಯ ಗೋಮಾಳದ ಮಣ್ಣು ಪರೀಕ್ಷಿಸಿ, ನಮೂನೆಯಲ್ಲಿ ‘ಆರನೆಯ ವರ್ಗ, ಸಾಗುವಳಿಗೆ ಯೋಗ್ಯವಲ್ಲ’ ಎಂದು ಬರೆದೆ. ಪಕ್ಕದಲ್ಲಿ ‘ಯಾವುದಕ್ಕೆ ಯೋಗ್ಯ’ ಎಂಬ ಕಲಮು ಇತ್ತು. ಬಿಸಿಲು ಜೋರಾಗಿತ್ತು, ಜೀಪು ಕಾಯುತ್ತಿತ್ತು. ಆ ಕಲಮನ್ನು ಖಾಲಿ ಬಿಟ್ಟೆ. ಆ ಕಾಗದ ಕಚೇರಿಯಿಂದ ಕಚೇರಿಗೆ ಹೋಗುವಷ್ಟರಲ್ಲಿ ‘ಸಾಗುವಳಿಗೆ’ ಎಂಬ ಶಬ್ದ ಉದುರಿಹೋಗಿ ‘ಯೋಗ್ಯವಲ್ಲ’ ಎಂಬುದಷ್ಟೇ ಉಳಿಯಿತು. ಉಪಯೋಗವಿಲ್ಲದ ಭೂಮಿಯೆಂದು ಯಂತ್ರ ತಂದು ಹುಲ್ಲನ್ನು ಕೆತ್ತಿ, ಗುಂಡಿ ತೋಡಿ ಸಸಿ ನೆಟ್ಟರು. ಎರಡು ವರ್ಷದ ಮೇಲೆ ನಾನು ಹೋಗಿ ನೋಡಿದಾಗ ಸಸಿಗಳು ಒಣಗಿದ್ದವು. ಹುಲ್ಲಿನ ಬೇರು ಹೋದ ನೆಲದಲ್ಲಿ ಮಳೆ ನೀರು ಕೊರಕಲು ಕೊರೆದು ಗರಸು ಮೇಲೆದ್ದಿತ್ತು. ಒಬ್ಬ ಮುದುಕ ಕುರಿಗಾಹಿ ನನ್ನನ್ನು ಕೇಳಿದ: ‘ಯೋಗ್ಯ ಅಲ್ಲ ಅಂತ ಬರೆದೋರು ನೀವೇ ಏನು ಸ್ವಾಮಿ? ನಮ್ಮ ಕುರಿಗೆ ಓದೋಕೆ ಬರಲ್ಲ ನೋಡಿ, ಅದಕ್ಕೇ ಇಷ್ಟು ದಿನ ಮೇದುಬಿಟ್ಟವು.’

ನಾನು ಉತ್ತರ ಕೊಡಲಿಲ್ಲ. ಕೊಡುವುದಕ್ಕೆ ಏನೂ ಇರಲಿಲ್ಲ. ಒಂದು ಅಂಗುಲ ಮಣ್ಣು ಕೂಡಿಕೊಳ್ಳಲು ನೂರಾರು ವರ್ಷ ಬೇಕು. ಅದು ತೊಳೆದುಹೋಗಲು ಒಂದೆರಡು ಜೋರು ಮಳೆ ಸಾಕು.

ಇದು ನನ್ನೊಬ್ಬನ ಕಥೆಯಾಗಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. 2000ದಲ್ಲಿ ಮೊದಲು ಪ್ರಕಟವಾದ ಭಾರತದ ಬಂಜರು ಭೂಮಿಯ ನಕ್ಷಾ ಸಂಪುಟದಲ್ಲಿ ಕುರುಚಲು ನೆಲ, ಸೊರಗಿದ ಗೋಮಾಳಗಳೆಲ್ಲ ಬಂಜರಿನ ಪಟ್ಟಿಗೆ ಸೇರಿದವು. ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ, 2010ರ ಸುಮಾರಿಗೆ ರಕ್ಷಣೆ, ಅಣುಶಕ್ತಿ, ವಿಜ್ಞಾನದ ಸಂಸ್ಥೆಗಳಿಗೂ ಇತರ ಉದ್ಯಮಗಳಿಗೂ ಸಂದಿತು. 2013ರಲ್ಲಿ ಆ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ದೇಶಕ್ಕೆ ಅಂಥ ಸಂಸ್ಥೆಗಳು ಬೇಡವೆಂದು ನಾನು ಹೇಳಲಾರೆ. ಆದರೆ ಒಂದು ನೆಲವನ್ನು ಬೇರೆ ಕೆಲಸಕ್ಕೆ ಕೊಡುವಾಗ ‘ಅಲ್ಲಿ ಏನೂ ಇಲ್ಲ’ ಎಂದು ಕೊಡಬಾರದು. ಅಲ್ಲಿ ಹುಲ್ಲಿತ್ತು, ಹುಲ್ಲಿನಿಂದ ಕುರಿ, ಕುರಿಯಿಂದ ಉಣ್ಣೆ, ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ. ಕೊಡುವವರೂ ಪಡೆಯುವವರೂ ಅಷ್ಟನ್ನು ಲೆಕ್ಕಕ್ಕೆ ಹಿಡಿದೇ ಮಾತನಾಡಬೇಕು.

ಇದನ್ನೆಲ್ಲ ಪುಣೆಯಲ್ಲಿ ಕುಳಿತ ನಮಗೇಕೆ ಹೇಳುತ್ತೀರಿ ಎಂದು ನೀವು ಕೇಳಬಹುದು. ನಮ್ಮಲ್ಲಿ ಬಹಳ ಮಂದಿಗೆ ಊರಿನಲ್ಲಿ ಪಿತ್ರಾರ್ಜಿತವಾಗಿ ಬಂದ ಎರಡೋ ನಾಲ್ಕೋ ಎಕರೆ ಒಣ ನೆಲ ಉಂಟು. ಅದರ ಪಹಣಿಯನ್ನು ನಾವು ಬಲ್ಲೆವು. ಅದರ ಮಣ್ಣನ್ನು ಅರಿಯೆವು. ಮಾರುವುದೋ, ಉಳಿಸಿಕೊಳ್ಳುವುದೋ, ಕೊಳವೆ ಬಾವಿ ಕೊರೆಸುವುದೋ ಎಂದು ದೂರವಾಣಿಯಲ್ಲೇ ತೀರ್ಮಾನ ಕೊಡುತ್ತೇವೆ. ಮುಂದಿನ ಸಲ ಹೋದಾಗ ದಯವಿಟ್ಟು ಒಂದು ಕೆಲಸ ಮಾಡಿ. ಹೊಲದ ಮೇಲಿನ ತುದಿಯಲ್ಲಿ ಒಂದು, ನಡುವೆ ಒಂದು, ಕೆಳಗೆ ಒಂದು, ಹೀಗೆ ಮೂರು ಕಡೆ ಎರಡು ಮೊಳ ಆಳ ಅಗೆಸಿ ನೋಡಿ. ಗರಸು ಎಲ್ಲಿ ಸಿಕ್ಕಿತು, ಬೇರು ಎಲ್ಲಿಯವರೆಗೆ ಇಳಿದಿದೆ, ಒಂದು ಕೊಡ ನೀರು ಎಷ್ಟು ಹೊತ್ತಿನಲ್ಲಿ ಇಂಗಿತು, ಇಷ್ಟು ಗಮನಿಸಿದರೆ ಸಾಕು. ಮೇಲಿನ ಗರಸನ್ನು ಉಳದೆ ಹುಲ್ಲಿಗೆ ಬಿಡಿ. ವರ್ಷದಲ್ಲಿ ಕೆಲವು ತಿಂಗಳು ಮೇಯಿಸದೆ ಅದು ಬೀಜ ಕಟ್ಟುವವರೆಗೆ ಕಾಯಿರಿ. ಊರಿನ ಗೋಮಾಳದ ಮಾತು ಬಂದಾಗ ಅದು ಯಾವುದಕ್ಕೆ ಯೋಗ್ಯ ಎಂಬ ಪ್ರಶ್ನೆಯನ್ನು ನೀವಾದರೂ ಎತ್ತಿ.

ನಾನು ಅಂದು ಖಾಲಿ ಬಿಟ್ಟ ಕಲಮನ್ನು ಇಂದು ನಿಮ್ಮೆದುರಿಗೆ ತುಂಬುತ್ತಿದ್ದೇನೆ: ‘ಹುಲ್ಲಿಗೆ ಯೋಗ್ಯ, ದನ ಕುರಿಗೆ ಯೋಗ್ಯ.’ ತಡವಾಯಿತೆಂದು ಬಲ್ಲೆ.