ಬೀಗ ಹಾಕಿದ ಬಯಲು



ನಮ್ಮ ಪಟ್ಟಂದೂರು ಅಗ್ರಹಾರಕ್ಕೆ 2023ರಲ್ಲಿ ಮೆಟ್ರೋನೂ ಬಂತು. ಮಕ್ಕಳು ಆಡೋದು ಮಾತ್ರ ರಸ್ತೆಯಲ್ಲಿ!

ಖಾಸಗಿಯವರು ಬಡಾವಣೆ ಮಾಡಿದರೂ ಪಾರ್ಕಿಗೆ ಜಾಗ ಬಿಡಬೇಕು. ಆ ಜಾಗವನ್ನು ಪುಕ್ಕಟೆ ಬರೆಸಿಕೊಳ್ಳುವ ಅಧಿಕಾರ ಬಿ.ಡಿ.ಎ.ಗೆ ಇದೆ. 1976ರ ಬಿ.ಡಿ.ಎ. ಕಾಯಿದೆಯಲ್ಲೇ ಹೀಗಿದೆ. ಆದರೂ ಕೆಲವು ಕಡೆ ಗೇಟು, ಬೀಗ. ಒಳಗೆ ಬರೀ ಕಳೆ.

ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಅಲ್ಲಿನ ಜನ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. ಅವರು ಓದಿದವರು, ಅನ್ನಬೇಡಿ. ಈಗ ನಮಗೂ ಓದೋಕೆ ಬರುತ್ತೆ.

ಬಡಾವಣೆಯ ನಕ್ಷೆ ಕೇಳೋಣ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ನಕ್ಷೆಯಲ್ಲಿ ‘ಪಾರ್ಕ್’ ಎಂದು ಎಲ್ಲಿ ಬರೆದಿದೆ, ಹುಡುಕೋಣ. ಭಾನುವಾರ ಎಲ್ಲರೂ ಪೆನ್ನು ತನ್ನಿ. ಅರ್ಜಿ ಬರೆಯೋಣ.