ತೆರವಾದ ಕುರ್ಚಿ

ಮ್ಯಾನೇಜರ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಬ್ಯಾಂಕಿನ ಗಾಜಿನ ಕೋಣೆಯೋ ನಾಟಕದ ಕಂಪೆನಿಯ ಟಿಕೇಟಿನ ಲೆಕ್ಕವೋ ಬಂದು ನಿಲ್ಲುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಇಂಥವನಲ್ಲ. ಯಾವ ಹನ್ನೊಂದು ಮಂದಿ ಕಣಕ್ಕಿಳಿಯಬೇಕು, ಯಾರು ಹೊರಗೆ ಬೆಂಚಿನ ಮೇಲೆ ಕೂರಬೇಕು ಎಂದು ನಿರ್ಧರಿಸುವವನು ಅವನು. ಆಟಗಾರರನ್ನು ಕೊಳ್ಳುವ, ಮಾರುವ ವಿಷಯದಲ್ಲಿಯೂ ಬಹುಕಾಲ ಅವನ ಮಾತಿಗೇ ಹೆಚ್ಚಿನ ತೂಕವಿತ್ತು. ಗೆದ್ದರೆ ಅವನು ಊರಿನ ದೊರೆ; ಸಾಲಾಗಿ ನಾಲ್ಕು ಪಂದ್ಯ ಸೋತರೆ ಊರಿಗೆ ಹಿಡಿದ ಶನಿ. ಸೇನಾಪತಿ, ಗುರು, ಮನೆಯ ಯಜಮಾನ ಮೂವರನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿದಂತೆ ಆ ಪದವಿ. ಆ ಕುರ್ಚಿ ತೆರವಾದಾಗ ಊರಿಗೆ ಊರೇ ನಡೆಸುವ ವಾಗ್ವಾದವನ್ನು ಕುರಿತು ಈ ಹೊತ್ತು ಕೆಲವು ಮಾತು ಹೇಳಬೇಕೆಂದಿದ್ದೇನೆ.

ಸೇನಾಪತಿ ಎಂದೆ. ಪಂಪಭಾರತವನ್ನು ಓದಿದವರಿಗೆ ಈ ವಾಗ್ವಾದ ಹೊಸದೇನಲ್ಲ. ಕೌರವ ಸೇನೆಗೆ ಭೀಷ್ಮನನ್ನು ಅಧಿಪತಿಯಾಗಿ ಪಟ್ಟಗಟ್ಟುವಾಗ ಕರ್ಣ ಕೆರಳುತ್ತಾನೆ. ಈ ಮುದುಕನಿಂದ ಏನಾದೀತು ಎಂಬ ಧಾಟಿಯಲ್ಲಿ ಕಟಕಿಯಾಡುತ್ತಾನೆ. ದ್ರೋಣ ಮರುನುಡಿಯುತ್ತಾನೆ. ಯುದ್ಧದ ಮಾತಾಗಿ ಹೊರಟದ್ದು ಕುಲದ ಮಾತಾಗಿ ಮುಟ್ಟುತ್ತದೆ. ಸೇನಾಧಿಪತ್ಯದ ಪ್ರಶ್ನೆ ಬಂದಾಗಲೆಲ್ಲ ಹೀಗೆಯೇ. ಯಾರು ಗೆಲ್ಲಿಸಬಲ್ಲರು ಎಂದು ಆರಂಭಿಸಿದವರು ಯಾರು ನಮ್ಮವರು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಆದರೆ ಕರ್ಣನಿಗೆ ಆ ಸಭೆಯಲ್ಲಿ ಆಸನವಿತ್ತು. ಫುಟ್‌ಬಾಲ್ ಅಭಿಮಾನಿಗೆ ಅದಿಲ್ಲ. ಸ್ಪೇನಿನ ಬಾರ್ಸಿಲೋನ ಕ್ಲಬ್ಬಿನಲ್ಲಿ ಲಕ್ಷಕ್ಕೂ ಮೀರಿದ ಸದಸ್ಯರಿದ್ದಾರೆ; ಅವರು ಮತ ಹಾಕಿ ಅಧ್ಯಕ್ಷನನ್ನು ಆರಿಸುತ್ತಾರೆ, ಅಧ್ಯಕ್ಷ ತರಬೇತುಗಾರನನ್ನು ಗೊತ್ತುಮಾಡುತ್ತಾನೆ. ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳು ಕಂಪೆನಿಗಳು. ತಾತನ ಕಾಲದಿಂದ ಒಂದೇ ಮೈದಾನದಲ್ಲಿ ನಿಂತು ಗಂಟಲು ಹರಿದುಕೊಂಡವನಿಗೆ ಅಲ್ಲಿ ಟಿಕೇಟು ಕೊಳ್ಳುವ ಹಕ್ಕುಂಟು, ಮತವಿಲ್ಲ. ಇರುವುದು ಬಾಯಿ ಒಂದೇ. ಅದರಿಂದಲೇ ಆ ಬಾಯಿಗೆ ಅಷ್ಟು ಬಲ ಬಂದಿದೆಯೋ ಏನೋ.

1974ರ ಬೇಸಗೆಯಲ್ಲಿ ಇಂಗ್ಲೆಂಡಿನ ಎರಡು ಬಲಾಢ್ಯ ಕ್ಲಬ್ಬುಗಳ ಕುರ್ಚಿಗಳು ಒಂದೇ ತಿಂಗಳಲ್ಲಿ ತೆರವಾದವು.

ಜುಲೈ 12ರಂದು ಲಿವರ್‌ಪೂಲಿನ ಬಿಲ್ ಶಾಂಕ್ಲಿ ತಾನು ನಿವೃತ್ತನಾಗುವುದಾಗಿ ಪ್ರಕಟಿಸಿದ. ಸ್ಕಾಟ್ಲೆಂಡಿನ ಗ್ಲೆನ್‌ಬಕ್ ಎಂಬ ಕಲ್ಲಿದ್ದಲ ಗಣಿಯ ಹಳ್ಳಿಯಲ್ಲಿ ಹುಟ್ಟಿದವನು ಅವನು. 1959ರ ಡಿಸೆಂಬರಿನಲ್ಲಿ ಅವನು ಬಂದಾಗ ಲಿವರ್‌ಪೂಲ್ ಎರಡನೆಯ ದರ್ಜೆಯಲ್ಲಿ ತೊಳಲುತ್ತಿತ್ತು. ಅದನ್ನು ಮೇಲೆತ್ತಿದ, ಮೂರು ಬಾರಿ ಲೀಗ್ ಗೆಲ್ಲಿಸಿದ, ಎರಡು ಬಾರಿ ಎಫ್.ಎ. ಕಪ್ ತಂದ. ಎರಡನೆಯ ಕಪ್ಪು ಬಂದು ಆಗಿನ್ನೂ ಎರಡು ತಿಂಗಳು ಕಳೆದಿತ್ತು. ಸೋತು ಹೋಗುವವರನ್ನು ಊರು ಬಲ್ಲುದು. ಗೆದ್ದು ಹೋಗುವವನನ್ನು ಹೇಗೆ ಕಳಿಸಿಕೊಡಬೇಕೆಂಬುದು ಅದಕ್ಕೆ ತಿಳಿಯಲಿಲ್ಲ. ಟೆಲಿವಿಷನ್ನಿನ ವರದಿಗಾರನೊಬ್ಬ ಬೀದಿಗಿಳಿದು ಕಂಡ ಕಂಡವರಿಗೆ ಸುದ್ದಿ ತಿಳಿಸುತ್ತಿರುವ ಚಿತ್ರ ಇಂದಿಗೂ ಉಳಿದಿದೆ. ಹುಡುಗನೊಬ್ಬ ಅದನ್ನು ನಂಬುವುದೇ ಇಲ್ಲ. ತನ್ನನ್ನು ಮೂರ್ಖನನ್ನಾಗಿ ಮಾಡುತ್ತಿದ್ದಾರೆಂದೇ ಅವನ ಎಣಿಕೆ. ನಿಜವೆಂದು ಅರಿವಾಗುತ್ತ ಬಂದಂತೆ ಅವನ ಮುಖ ಬದಲಾಗುವುದನ್ನು ನೋಡಿದರೆ ಇದನ್ನು ಬರಿಯ ಆಟವೆಂದು ಅನ್ನಲು ಮನಸ್ಸು ಬರುವುದಿಲ್ಲ. ಕಾರ್ಖಾನೆಯೊಂದರ ಕಾರ್ಮಿಕರು ಮುಷ್ಕರ ಹೂಡುವುದಾಗಿ ಬೆದರಿಸಿದರೆಂಬ ಮಾತೂ ಉಂಟು.

ಕ್ಲಬ್ಬಿನ ನಿರ್ದೇಶಕರು ದೂರ ಹುಡುಕಲಿಲ್ಲ. ಹದಿನೈದು ವರ್ಷ ಶಾಂಕ್ಲಿಯ ಮಗ್ಗುಲಲ್ಲೇ ಇದ್ದ ಬಾಬ್ ಪೇಸ್ಲಿಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ಡರ್ಹಮ್ ಸೀಮೆಯ ಗಣಿ ಹಳ್ಳಿಯವನು, ಇಟ್ಟಿಗೆ ಕಟ್ಟುವ ಕಸುಬು ಕಲಿತಿದ್ದವನು, 1939ರಿಂದ ಆ ಕ್ಲಬ್ಬಿನಲ್ಲೇ ಆಟಗಾರನಾಗಿ, ಆಮೇಲೆ ಆಟಗಾರರ ಕಾಲು ತಿಕ್ಕಿ ಗಾಯ ಕಟ್ಟುವವನಾಗಿ ಜೀವ ಸವೆಸಿದವನು. ಮಾತಿನಲ್ಲಿ ಶಾಂಕ್ಲಿ ಮಳೆಗಾಲದ ಜೋಗವಾದರೆ ಈತ ಬಾವಿಯ ನೀರು. ಈ ಕೆಲಸ ತನಗೆ ಬೇಕಿರಲಿಲ್ಲವೆಂದು ಆಟಗಾರರಿಗೇ ಹೇಳಿಬಿಟ್ಟ. ಇಂಥ ಆಯ್ಕೆಯಾದಾಗ ಅಭಿಮಾನಿಗಳಲ್ಲಿ ಎರಡು ಪಕ್ಷ ಹುಟ್ಟುವುದು ಸಹಜ. ಮನೆಯ ಹದ ಬಲ್ಲವನೇ ಒಲೆಯ ಮುಂದೆ ಕೂರಲಿ ಎಂಬುದು ಒಂದು. ಬಡಿಸಿದವನೆಲ್ಲ ಅಡುಗೆಯವನಾಗುವುದಿಲ್ಲ ಎಂಬುದು ಇನ್ನೊಂದು. ಮೊದಲ ವರ್ಷ ಪೇಸ್ಲಿ ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ಬಂದ. ದೊಡ್ಡ ಕಪ್ಪು ಯಾವುದೂ ಬರಲಿಲ್ಲ. ಎರಡನೆಯ ಪಕ್ಷದವರಿಗೆ ಅಷ್ಟು ಸಾಕಾಗಿತ್ತು.

ಬೇಡವೆನ್ನುತ್ತಲೇ ರಾಜ್ಯಭಾರ ಹೊತ್ತವನೆಂದರೆ ನಮಗೆ ಭರತ ನೆನಪಾಗುತ್ತಾನೆ. ಆದರೆ ಭರತನ ಪಾಲಿಗೆ ಒಂದು ಅನುಕೂಲವಿತ್ತು: ರಾಮ ಕಾಡಿಗೆ ಹೋಗಿದ್ದ. ಶಾಂಕ್ಲಿ ಎಲ್ಲಿಗೂ ಹೋಗಲಿಲ್ಲ. ಬೆಳಗಾದರೆ ಮೆಲ್‌ವುಡ್ ಎಂಬ ಅಭ್ಯಾಸದ ಮೈದಾನಕ್ಕೆ ಬಂದುಬಿಡುತ್ತಿದ್ದ. ಆಟಗಾರರು ಬಾಯಿತಪ್ಪಿ ಅಲ್ಲ, ಅಭ್ಯಾಸಬಲದಿಂದ ಅವನನ್ನೇ 'ಬಾಸ್' ಎನ್ನುತ್ತಿದ್ದರು. ಪೇಸ್ಲಿ ಅಲ್ಲೇ ನಿಂತಿರುತ್ತಿದ್ದ. ಕೊನೆಗೆ ಅವನು ಬರುವುದು ಬೇಡವೆಂಬ ಸೂಚನೆ ಅವನಿಗೆ ಮುಟ್ಟಿತು. ಆಮೇಲೆ ಅವನು ಬದ್ಧ ಪ್ರತಿಸ್ಪರ್ಧಿಯಾದ ಎವರ್ಟನ್ ಕ್ಲಬ್ಬಿನ ಮೈದಾನಕ್ಕೆ ಹೋಗಿ ವ್ಯಾಯಾಮ ಮಾಡಿಕೊಂಡು ಬರುತ್ತಿದ್ದನಂತೆ. ಈ ನೋವನ್ನು ತನ್ನ ಆತ್ಮಕಥೆಯಲ್ಲಿ ಅವನು ಬಚ್ಚಿಡಲಿಲ್ಲ. ನಿವೃತ್ತರಾದ ಉಪಾಧ್ಯಾಯರಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಗಂಟೆಯಾದರೆ ಕಾಲು ತಾನೇ ಕಾಲೇಜಿನ ದಾರಿ ಹಿಡಿಯುತ್ತದೆ. ಅಲ್ಲಿಯವರು ಎದ್ದು ನಿಂತು ಕುರ್ಚಿ ಕೊಡುತ್ತಾರೆ. ಆ ಮರ್ಯಾದೆಯಲ್ಲೇ ಅದು ನಮ್ಮ ಕುರ್ಚಿಯಲ್ಲ ಎಂಬುದು ತಿಳಿಯುತ್ತದೆ.

ಇನ್ನು ಲೀಡ್ಸಿನ ಕಥೆ. ಅಲ್ಲಿ ಡಾನ್ ರೆವಿ ಹದಿಮೂರು ವರ್ಷ ಮ್ಯಾನೇಜರಾಗಿದ್ದ. 1969ರಲ್ಲಿ, ಮತ್ತೆ 1974ರಲ್ಲಿ ಲೀಗ್ ಗೆಲ್ಲಿಸಿದ್ದ. ಹೊರಗಿನವರ ಕಣ್ಣಿಗೆ ಅವನ ತಂಡ ಒರಟು, ಕಪಟಿ. ಒಳಗಿನವರಿಗೆ ಅದು ಒಂದು ಕುಟುಂಬ. ಇಂಗ್ಲೆಂಡಿನ ರಾಷ್ಟ್ರೀಯ ತಂಡದ ಕರೆ ಬಂದು ರೆವಿ ಹೊರಟಾಗ, ತಂಡದ ಹಿರಿಯ ಆಟಗಾರನಾದ ಜಾನಿ ಜೈಲ್ಸನಿಗೆ ಪಟ್ಟ ಕಟ್ಟಿರೆಂದು ಸೂಚಿಸಿ ಹೋದ. ನಿರ್ದೇಶಕರು ಅವನನ್ನು ಬಿಟ್ಟು ಬ್ರಯನ್ ಕ್ಲಫ್‌ನನ್ನು ಕರೆತಂದರು. ಕ್ಲಫ್ ಸಾಮಾನ್ಯನಲ್ಲ, ಡಾರ್ಬಿಯಂಥ ಸಾಧಾರಣ ಕ್ಲಬ್ಬಿಗೆ 1972ರಲ್ಲಿ ಲೀಗ್ ಗೆಲ್ಲಿಸಿಕೊಟ್ಟವನು. ಆದರೆ ರೆವಿಯ ತಂಡದ ಮೇಲೆ ವರ್ಷಾನುಗಟ್ಟಲೆ ಬಹಿರಂಗವಾಗಿ ಕಿಡಿಕಾರಿದವನೂ ಅವನೇ. ಆ ತಂಡವನ್ನು ಕೆಳಗಿನ ದರ್ಜೆಗೆ ತಳ್ಳಬೇಕೆಂದು ಪತ್ರಿಕೆಯಲ್ಲಿ ಬರೆದಿದ್ದ. ಬಂದವನು ಆಟಗಾರರನ್ನು ಕೂಡಿಸಿ, ನೀವು ಗೆದ್ದ ಪದಕಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಅವು ಮೋಸದಿಂದ ಬಂದವು ಎಂಬರ್ಥದ ಮಾತಾಡಿದನೆಂದು ಆ ಆಟಗಾರರು ಮುಂದೆ ಹೇಳಿಕೊಂಡಿದ್ದಾರೆ. ಸದಾ ಜೊತೆಗಿರುತ್ತಿದ್ದ ಅವನ ಬಲಗೈ ಪೀಟರ್ ಟೇಲರ್ ಈ ಬಾರಿ ಅವನೊಡನೆ ಬರಲಿಲ್ಲ.

ಇಲ್ಲಿ ನಾನು ಅಭಿಮಾನಿಗಳ ಪಕ್ಷ. ನಿರ್ದೇಶಕರು ನೋಡಿದ್ದು ಕ್ಲಫ್‌ನ ಸಾಮರ್ಥ್ಯವನ್ನು; ಅದರಲ್ಲಿ ತಪ್ಪಿಲ್ಲ. ಅವರ ಲೆಕ್ಕಕ್ಕೆ ಸಿಗದೆ ಹೋದದ್ದು ಬೇರೆ. ಲೀಡ್ಸಿನ ಸಾಧಾರಣ ಅಭಿಮಾನಿ ಕೆಲಸದ ಜಾಗದಲ್ಲಿ, ಬೇರೆ ಊರಿನ ನೆಂಟರ ಮನೆಯಲ್ಲಿ, ರೈಲಿನಲ್ಲಿ, ತನ್ನ ತಂಡ ಕಪಟಿಯಲ್ಲ ಎಂದು ವರ್ಷಗಟ್ಟಲೆ ವಾದಿಸಿದ್ದ. ಯಾರ ಆರೋಪದ ವಿರುದ್ಧ ಅವನು ಅಷ್ಟು ಕಾಲ ವಾದಿಸಿದ್ದನೋ ಆ ಮನುಷ್ಯನೇ ಈಗ ಅವನ ಮನೆಯ ಹಿರಿಯನಾಗಿ ಬಂದು ಕುಳಿತ. ಹೊಸ ಮ್ಯಾನೇಜರ್ ಗೆದ್ದರೆ ತಾನು ಅಷ್ಟು ದಿನ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಸೋತರೆ ತಂಡ ಹಾಳಾಗುತ್ತದೆ. ಅಂಥವನು ಯಾವುದನ್ನು ಹಾರೈಸಬೇಕು?

ಆಗಸ್ಟ್ 10ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಈ ಎರಡು ತಂಡಗಳೇ ಎದುರಾದವು. ಲಿವರ್‌ಪೂಲನ್ನು ಕೊನೆಯ ಬಾರಿಗೆ ಶಾಂಕ್ಲಿಯೇ ಮುಂದೆ ನಿಂತು ನಡೆಸಿಕೊಂಡು ಬಂದ. ಪಕ್ಕದಲ್ಲಿ ಲೀಡ್ಸಿನ ಮುಂದೆ ಕ್ಲಫ್. ಆಟದ ನಡುವೆ ಕೆವಿನ್ ಕೀಗನ್ನನೂ ಬಿಲ್ಲಿ ಬ್ರೆಮ್ನರನೂ ಕೈ ಕೈ ಮಿಲಾಯಿಸಿದರು. ಹೊರಗೆ ಕಳಿಸಿದಾಗ ಇಬ್ಬರೂ ಅಂಗಿ ಕಿತ್ತೆಸೆದು ನಡೆದರು. ಬ್ರೆಮ್ನರ್ ಲೀಡ್ಸಿನ ನಾಯಕ. ಅವನಿಗೆ ದೀರ್ಘ ನಿಷೇಧ ಬಿತ್ತು. ಮುಂದೆ ಲೀಗಿನ ಆರು ಪಂದ್ಯಗಳಲ್ಲಿ ಲೀಡ್ಸ್ ಗೆದ್ದದ್ದು ಒಂದನ್ನು ಮಾತ್ರ. ಸೆಪ್ಟೆಂಬರ್ 12ರಂದು ಕ್ಲಫ್‌ನನ್ನು ತೆಗೆದುಹಾಕಿದರು. ಒಟ್ಟು 44 ದಿನ.

ಅದೇ ಸಂಜೆ ಯಾರ್ಕ್‌ಷೈರ್ ಟೆಲಿವಿಷನ್ನಿನವರು ಕ್ಲಫ್‌ನನ್ನೂ ರೆವಿಯನ್ನೂ ಅಕ್ಕಪಕ್ಕ ಕೂರಿಸಿ ಮಾತಾಡಿಸಿದರು. ಇಂಥ ಸಂವಾದ ನಾಟಕಕಾರನ ಕೈಗೂ ಸುಲಭವಾಗಿ ಸಿಕ್ಕುವುದಲ್ಲ. ತಾನು ಲೀಗನ್ನು ಗೆಲ್ಲಬೇಕೆಂದಿದ್ದುದು ಮಾತ್ರವಲ್ಲ, ಇನ್ನೂ ಚೆನ್ನಾಗಿ ಗೆಲ್ಲಬೇಕೆಂದಿದ್ದೆ ಎಂದ ಕ್ಲಫ್. ಅದಕ್ಕಿಂತ ಚೆನ್ನಾಗಿ ಗೆಲ್ಲುವುದು ಸಾಧ್ಯವೇ ಇಲ್ಲ, ಇಡೀ ವರ್ಷದಲ್ಲಿ ನಾವು ಸೋತದ್ದು ನಾಲ್ಕೇ ಪಂದ್ಯ ಎಂದ ರೆವಿ. ಹಾಗಾದರೆ ನಾನು ಮೂರೇ ಸೋಲುತ್ತಿದ್ದೆ ಎಂದು ಕ್ಲಫ್ ಉತ್ತರ ಕೊಟ್ಟ. ಚೆನ್ನಾಗಿ ಎಂಬ ಮಾತನ್ನು ರೆವಿ ಸಂಖ್ಯೆಯಿಂದ ಅಳೆದ. ಕ್ಲಫ್‌ನ ಮನಸ್ಸಿನಲ್ಲಿದ್ದುದು ಬೇರೆ. ಆದರೆ ಸಿಟ್ಟಿನ ಭರದಲ್ಲಿ ಅವನೂ ಸಂಖ್ಯೆಯ ಬಲೆಗೇ ಬಿದ್ದ. ಕಾವ್ಯದಲ್ಲಿ ರೀತಿ ಮುಖ್ಯವೋ ರಸ ಮುಖ್ಯವೋ ಎಂದು ನಮ್ಮ ಆಲಂಕಾರಿಕರು ಹೊಡೆದಾಡಿದ ಪ್ರಶ್ನೆಗೂ ಇದಕ್ಕೂ ಬಹಳ ದೂರವಿಲ್ಲ. ಅಭಿಮಾನಿಗಳ ಜಗಳದ ಅಡಿಯಲ್ಲಿರುವುದೂ ಇದೇ. ಗೆಲುವಷ್ಟೇ ಸಾಕೆನ್ನುವವನು ಅವರಲ್ಲಿ ವಿರಳ. ನಮ್ಮ ರೀತಿಯಲ್ಲಿ ಗೆಲ್ಲಬೇಕು ಎನ್ನುವವರೇ ಹೆಚ್ಚು. ಆ ರೀತಿ ಯಾವುದೆಂದು ಮಾತ್ರ ಇಬ್ಬರು ಒಪ್ಪುವುದಿಲ್ಲ.

ಆಮೇಲೆ ಕಾಲ ಬದಲಾಗಿದೆ, ಜಗಳ ಬದಲಾಗಿಲ್ಲ. 1991ರಿಂದ ಬಿ.ಬಿ.ಸಿ. ರೇಡಿಯೋ ಅಭಿಮಾನಿಗಳ ದೂರವಾಣಿ ಕರೆಗಳಿಗೆಂದೇ ಒಂದು ಕಾರ್ಯಕ್ರಮ ನಡೆಸುತ್ತ ಬಂದಿದೆ. ಬಾನುಲಿಯ ಮುಂದೆ ಕುಳಿತು ಮಾತಾಡುವವನಾಗಿ ನನಗೆ ಇದರಲ್ಲಿ ಸ್ವಲ್ಪ ಪಕ್ಷಪಾತವುಂಟು. 1996ರಲ್ಲಿ ಆರ್ಸೆನಲ್ ಕ್ಲಬ್ಬು ಜಪಾನಿನಲ್ಲಿದ್ದ ಅರ್ಸೆನ್ ವೆಂಗರ್ ಎಂಬ ಫ್ರೆಂಚರವನನ್ನು ಕರೆತಂದಾಗ ಲಂಡನ್ನಿನ ಸಂಜೆಪತ್ರಿಕೆಯೊಂದು ಇವನಾರು ಎಂದು ದೊಡ್ಡಕ್ಷರದಲ್ಲಿ ಕೇಳಿತು. 2003-04ರಲ್ಲಿ ಅವನ ತಂಡ ಲೀಗಿನ 38 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಮುಂದೆ ಅದೇ ಜನ ಅವನು ತೊಲಗಲಿ ಎಂದು ಫಲಕ ಹಿಡಿದರು. ಮ್ಯಾಂಚೆಸ್ಟರ್ ಯುನೈಟೆಡ್‌ನ ಆಲೆಕ್ಸ್ ಫರ್ಗುಸನ್ 2013ರಲ್ಲಿ ಬಿಟ್ಟುಹೋಗುವಾಗ, ಹೊಸಬನ ಬೆನ್ನಿಗೆ ನಿಲ್ಲುವುದು ನಿಮ್ಮ ಕೆಲಸ ಎಂದು ಮೈದಾನದಲ್ಲೇ ಜನರನ್ನು ಕೇಳಿಕೊಂಡ. ಆರು ವರ್ಷದ ಕರಾರಿನ ಮೇಲೆ ಬಂದ ಡೇವಿಡ್ ಮೋಯಸ್ ಒಂದು ವರ್ಷವೂ ಪೂರೈಸಲಿಲ್ಲ. ಇಪ್ಪತ್ತೇಳು ವರ್ಷ ಒಬ್ಬನೇ ಕುಳಿತ ಕುರ್ಚಿ ಇನ್ನೊಬ್ಬರ ಮೈಗೆ ಒಗ್ಗುವುದಕ್ಕೆ ಕಾಲ ಬೇಕು. ಕಾಲವನ್ನು ಕೊಡುವವರು ಯಾರು?

ಲೀಡ್ಸಿನಿಂದ ಹೊರಬಿದ್ದ ಕ್ಲಫ್ 1975ರ ಜನವರಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎಂಬ ಎರಡನೆಯ ದರ್ಜೆಯ ಕ್ಲಬ್ಬಿಗೆ ಹೋದ. ಟೇಲರ್ ಬಂದು ಸೇರಿಕೊಂಡ. 1978ರಲ್ಲಿ ಅವರು ಲೀಗ್ ಗೆದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಯೂರೋಪಿಯನ್ ಕಪ್ಪಿನ ಮೊದಲ ಸುತ್ತಿನಲ್ಲೇ ಅವರಿಗೆ ಎದುರಾದದ್ದು, ಎರಡು ವರ್ಷ ಸತತವಾಗಿ ಆ ಕಪ್ಪನ್ನು ಗೆದ್ದಿದ್ದ ಪೇಸ್ಲಿಯ ಲಿವರ್‌ಪೂಲ್. ಫಾರೆಸ್ಟ್ ಅದನ್ನು ಹೊರಗಟ್ಟಿತು. 1979ರಲ್ಲಿಯೂ 1980ರಲ್ಲಿಯೂ ಕಪ್ಪನ್ನು ತಾನೇ ಒಯ್ದಿತು. ಲೀಡ್ಸಿನಲ್ಲಿ ಕುಳಿತು ಅದನ್ನು ನೋಡಿದವರ ಮನಸ್ಸು ಹೇಗಿತ್ತೆಂದು ಊಹಿಸಬಹುದು.

ಪೇಸ್ಲಿ 1983ರಲ್ಲಿ ಕುರ್ಚಿ ಬಿಟ್ಟಾಗ ಅವನ ಲೆಕ್ಕದಲ್ಲಿ ಆರು ಲೀಗ್, ಮೂರು ಯೂರೋಪಿಯನ್ ಕಪ್ ಇದ್ದವು. ಶಾಂಕ್ಲಿಗಿಂತ ಎಷ್ಟೋ ಹೆಚ್ಚು. ಆದರೂ ಮೈದಾನದ ಹೊರಗೆ ಮೊದಲು ನಿಂತದ್ದು ಶಾಂಕ್ಲಿಯ ಪ್ರತಿಮೆ, 1997ರಲ್ಲಿ: ಕೊರಳಲ್ಲಿ ಅಭಿಮಾನಿಗಳ ಶಾಲು, ಚಾಚಿದ ಎರಡು ತೋಳು. ಪೇಸ್ಲಿಯ ಪ್ರತಿಮೆ ಬಂದದ್ದು 2020ರಲ್ಲಿ. ಅದರಲ್ಲಿ ಅವನ ಕೈಯಲ್ಲಿ ಕಪ್ಪಿಲ್ಲ. ಅವನಿನ್ನೂ ಮ್ಯಾನೇಜರ್ ಆಗಿರದ 1968ರ ಒಂದು ಪಂದ್ಯದಲ್ಲಿ ಎಮ್ಲಿನ್ ಹ್ಯೂಸ್ ಎಂಬ ತರುಣ ಆಟಗಾರ ಗಾಯಗೊಂಡಿದ್ದ. ಅವನನ್ನು ಬೆನ್ನ ಮೇಲೆ ಹೊತ್ತು ಮೈದಾನದಿಂದ ಆಚೆಗೆ ನಡೆಯುತ್ತಿರುವ ಪೇಸ್ಲಿ ಅಲ್ಲಿದ್ದಾನೆ.