ಕಲೋತ್ಸವಕ್ಕೆ ಬಂದವರೆಲ್ಲ ನಮ್ಮ ಅತಿಥಿಗಳು

(ಸಂಘದ ಕಲೋತ್ಸವದ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣ)



ಕಲೋತ್ಸವದ ಸಿದ್ಧತೆಗಾಗಿ ಸೇರಿರುವ ಈ ಸಭೆಯಲ್ಲಿ ಎರಡು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಯಾವ ನಾಟಕ ಆಡಬೇಕು, ಯಾವ ಮೇಳವನ್ನು ಕರೆಸಬೇಕು ಎಂಬ ಚರ್ಚೆ ಈಗಾಗಲೇ ಮುಗಿದಿದೆ. ಅದು ರಂಗದ ಮೇಲಿನ ವಿಚಾರ. ನಾನು ರಂಗದ ಕೆಳಗಿನ ವಿಚಾರ ಹೇಳುತ್ತೇನೆ. ನೋಡಲು ಬರುವವರು ಹೇಗೆ ಬರುತ್ತಾರೆ, ಎಲ್ಲಿ ಕೂರುತ್ತಾರೆ, ಕ್ಷೇಮವಾಗಿ ಮನೆಗೆ ಹೇಗೆ ಮರಳುತ್ತಾರೆ ಎಂಬುದನ್ನು ಯೋಚಿಸೋಣ.

‘ಸರ್ವರಿಗೂ ಆದರದ ಸ್ವಾಗತ’ ಎಂದು ಕರಪತ್ರದ ಕೆಳಗೆ ಅಚ್ಚು ಹಾಕಿಸುವುದು ಎಲ್ಲ ಸಂಘಗಳ ಪದ್ಧತಿ. ಆ ‘ಸರ್ವರು’ ಯಾರು? ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗ ಅದರಲ್ಲಿ ಸೇರಿದ್ದಾನೆಯೇ? ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು, ಮಗ್ಗದ ಸದ್ದಿಗೆ ಕಿವಿ ಮಂದವಾಗಿರುವ ಹಿರಿಯರು ಸೇರಿದ್ದಾರೆಯೇ? ಕೈಗೂಸಿನ ತಾಯಿ, ಗಾಲಿಕುರ್ಚಿಯಲ್ಲಿ ಓಡಾಡುವ ತರುಣ, ಕಣ್ಣು ಕಾಣದ ಹೆಣ್ಣುಮಗಳು ಸೇರಿದ್ದಾರೆಯೇ? ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಇವರೆಲ್ಲ ಒಳಗೆ ಬಂದಂತಾಗುವುದಿಲ್ಲ.

ನಮ್ಮ ಮುಂಬಯಿಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಕೋಟೆ ಭಾಗದ ಕಾಲಾ ಘೋಡಾದಲ್ಲಿ 1999ರಲ್ಲಿ ಒಂದು ಕಲೋತ್ಸವ ಆರಂಭವಾಯಿತು. ಏಳನೆಯ ಎಡ್ವರ್ಡ್ ದೊರೆ ಕುದುರೆಯೇರಿ ಕುಳಿತ ಕಪ್ಪು ಪ್ರತಿಮೆಯಿಂದ ಆ ಜಾಗಕ್ಕೆ ಹೆಸರು ಬಂತು. 1965ರಲ್ಲಿ ಆ ಪ್ರತಿಮೆಯನ್ನು ತೆಗೆದು ಭಾಯಖಳಾದ ರಾಣಿಬಾಗಿಗೆ ಸಾಗಿಸಿದರು. 2017ರಲ್ಲಿ ಅಲ್ಲಿ ಹೊಸ ಕುದುರೆಯೊಂದನ್ನು ನಿಲ್ಲಿಸಿದ್ದಾರೆ. ಇದರ ಬೆನ್ನ ಮೇಲೆ ದೊರೆಯಿಲ್ಲ! ಉತ್ಸವಕ್ಕೂ ಟಿಕೀಟಿಲ್ಲ. ಚರ್ಚಗೇಟಿನಿಂದಲೂ ಬೋರಿಬಂದರಿನಿಂದಲೂ ನಡೆದೇ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಒಂಬತ್ತು ದಿನ ನಡೆಯುತ್ತದೆ. ಮಂಗಳವಾರವೋ ಬುಧವಾರವೋ ರಜೆ ಸಿಗುವ ಹೋಟೆಲ್ ಕೆಲಸಗಾರನಿಗೂ ಅದರಲ್ಲಿ ಒಂದು ದಿನ ದಕ್ಕುತ್ತದೆ.

ಇಲ್ಲಿ ನಮಗೊಂದು ಪಾಠವಿದೆ. ನಾವು ಕಲೋತ್ಸವವನ್ನು ಭಾನುವಾರ ಸಂಜೆ ಇಡುತ್ತೇವೆ. ಹೋಟೆಲಿಗೆ ಭಾನುವಾರ ಸಂಜೆಗಿಂತ ಹೆಚ್ಚಿನ ಕೆಲಸದ ಹೊತ್ತು ಬೇರೊಂದಿದೆಯೇ? ನಮ್ಮ ಸದಸ್ಯರಲ್ಲಿ ಅರ್ಧದಷ್ಟು ಜನ ಆಗ ಬೇರೆಯವರ ಮಕ್ಕಳಿಗೆ ದೋಸೆ ಬಡಿಸುತ್ತಿರುತ್ತಾರೆ. ಆದ್ದರಿಂದ ಮುಖ್ಯ ನಾಟಕವನ್ನು ವಾರದ ನಡುವೆ ಇನ್ನೊಮ್ಮೆ ಆಡಿಸಬೇಕೆಂದು ನನ್ನ ಸೂಚನೆ. ಯಕ್ಷಗಾನವನ್ನಂತೂ ಇಡೀ ರಾತ್ರಿಯ ಆಟವಾಗಿಯೇ ಇಡೋಣ. ಗಲ್ಲಾ ಮುಚ್ಚಿ ಬಂದವನು ಕುಳಿತು ನೋಡಲಿ, ಮೊದಲ ಲೋಕಲ್ ಗಾಡಿಯಲ್ಲಿ ಮರಳಲಿ. ಊರಿನ ಬಯಲಾಟ ಬೆಳಗಿನವರೆಗೆ ನಡೆಯುತ್ತಿದ್ದುದರಿಂದ, ದೂರದಿಂದ ಬಂದವರಿಗೆ ಕತ್ತಲಲ್ಲಿ ಗದ್ದೆಯಂಚಿನ ದಾರಿ ಹಿಡಿಯುವ ಪ್ರಮೇಯವಿರಲಿಲ್ಲ. ಇಲ್ಲಿ ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಾಗಾಗಿ ಮುಚ್ಚಿದ ಸಭಾಗೃಹವೇ ಬೇಕು.

ಮುಚ್ಚಿದ ಸಭಾಗೃಹವೆಂದೊಡನೆ ಸುರಕ್ಷತೆಯ ಪ್ರಶ್ನೆ ಏಳುತ್ತದೆ. ಹಬ್ಬದ ಹೊತ್ತಿನಲ್ಲಿ ಸಾವಿನ ಮಾತೇಕೆ ಎಂದು ಕೆಲವರು ಕೇಳಬಹುದು. ಸಂತೋಷಪಡಲು ಹೋದವರೇ ಸತ್ತಿದ್ದಾರೆ, ಅದಕ್ಕಾಗಿ ಆಡಲೇಬೇಕು. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ತೀರಿಹೋದರು. ಅವರಲ್ಲಿ ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವದ ಚಪ್ಪರ ಹೊತ್ತಿಕೊಂಡು 400ಕ್ಕೂ ಹೆಚ್ಚು ಜನ ಸತ್ತರು. 1997ರ ಜೂನ್ 13ರಂದು ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಹೊಗೆಯಲ್ಲಿ ಉಸಿರುಕಟ್ಟಿ ಸತ್ತರು. ಅಲ್ಲಿ ಹೆಚ್ಚು ಆಸನ ಹಾಕುವುದಕ್ಕಾಗಿ ಬಾಲ್ಕನಿಯ ಒಂದು ದಾರಿಯನ್ನೇ ಮುಚ್ಚಿದ್ದರು. ಇನ್ನೂ ಹತ್ತು ಕುರ್ಚಿ ಹಾಕೋಣ ಎನ್ನುವ ಮಾತು ನಮ್ಮಲ್ಲೂ ಪ್ರತಿ ವರ್ಷ ಬರುತ್ತದೆ. ಆಗ ಈ 59 ಜನರನ್ನು ನೆನೆಯಬೇಕು.

ಬೆಂಕಿಯಿಲ್ಲದೆಯೂ ಜನ ಸಾಯುತ್ತಾರೆ. 2017ರ ಸೆಪ್ಟೆಂಬರ್ 29ರಂದು, ಗಿರಣಿ ಕಾರ್ಮಿಕರು ದಶಕಗಳ ಕಾಲ ಓಡಾಡಿದ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೇಲುಸೇತುವೆಯಲ್ಲಿ, ಮಳೆಗೆ ನಿಂತ ಜನರ ಒತ್ತಡದಲ್ಲಿ 23 ಜನ ಪ್ರಾಣ ಬಿಟ್ಟರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಗೆದ್ದ ತಂಡವನ್ನು ನೋಡಲು ಬಂದ 11 ಜನ ಸತ್ತರು. ಪತ್ರಿಕೆಗಳು ಇದನ್ನು ಕಾಲ್ತುಳಿತವೆನ್ನುತ್ತವೆ. ಆದರೆ ಇಂಥಲ್ಲಿ ಹೆಚ್ಚಿನವರು ಸಾಯುವುದು ನಿಂತಲ್ಲೇ ಎದೆ ಒತ್ತಿಹೋಗಿ, ಉಸಿರಾಡಲಾಗದೆ. ಒಂದು ಚದರ ಮೀಟರಿನಲ್ಲಿ ಐದು ಜನಕ್ಕಿಂತ ಹೆಚ್ಚಾದರೆ ಅಪಾಯ ಹತ್ತಿರವಾಯಿತೆಂದು ತಿಳಿಯಬೇಕು. ನೂಕುವವನಿಗೆ ತಾನು ನೂಕುತ್ತಿರುವುದೂ ಗೊತ್ತಿರುವುದಿಲ್ಲ. ಆದ್ದರಿಂದ ತಪ್ಪು ಜನರದೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಬಾಗಿಲಲ್ಲಿ ನಿಂತು ಎಣಿಸುವುದು ಕರೆದವರ ಕೆಲಸ. 400 ಆಸನಗಳಿದ್ದರೆ ನಾನೂರನೆಯವರೊಂದಿಗೆ ಪ್ರವೇಶ ನಿಲ್ಲಬೇಕು. ಉಳಿದವರಿಗೆ ಕೈಮುಗಿದು, ವಾರದ ನಡುವಿನ ಆಟಕ್ಕೆ ಚೀಟಿ ಕೊಟ್ಟು ಕಳುಹಿಸಬೇಕು.

ಇದಕ್ಕೆಲ್ಲ ದೊಡ್ಡ ಹಣ, ದೊಡ್ಡ ವಿದ್ಯೆ ಬೇಕೆಂದು ಯಾರೂ ಹಿಂಜರಿಯಬೇಡಿ. ಬೇಕಾದ ವಿದ್ಯೆ ಈ ಸಭೆಯಲ್ಲೇ ಇದೆ. ಯಾವ ಮೇಜಿಗೆ ಎಷ್ಟು ಜನ ಬಂದರು, ಯಾರು ಕಾಯುತ್ತಿದ್ದಾರೆ, ಯಾರಿಗೆ ನೀರು ಹೋಗಿಲ್ಲ ಎಂದು ನಿಂತಲ್ಲಿಂದಲೇ ಹೇಳಬಲ್ಲವರು ನಮ್ಮ ಮಾಣಿಗಳು. ದ್ವಾರ, ಆಸನ, ನೀರು ಈ ಮೂರನ್ನೂ ಅವರಿಗೆ ಒಪ್ಪಿಸಿ. ಹತ್ತಿಯ ಧೂಳಿನ ನಡುವೆ ದುಡಿದ ಗಿರಣಿಯ ಹಿರಿಯರಿಗೆ ಒಂದು ಕಿಡಿಯ ಬೆಲೆ ಗೊತ್ತು; ಮರಳಿನ ಕೆಂಪು ಬಕೆಟ್ಟು ಎಲ್ಲಿ ತೂಗಬೇಕೆಂಬುದೂ ಗೊತ್ತು. ವಿದ್ಯುತ್ ತಂತಿ, ಅಗ್ನಿಶಾಮಕ, ಹೊರಬಾಗಿಲುಗಳ ಮೇಲ್ವಿಚಾರಣೆ ಅವರದಾಗಲಿ. ಪ್ರತಿ ಹೊರಬಾಗಿಲಿಗೂ ಒಬ್ಬರು ನಿಲ್ಲಬೇಕು, ಯಾವ ಬಾಗಿಲಿಗೂ ಬೀಗ ಕೂಡದು. ಚಹದ ಒಲೆ ಮತ್ತು ಗ್ಯಾಸಿನ ಸಿಲಿಂಡರು ಸಭಾಗೃಹದಿಂದ ದೂರವಿರಬೇಕು.

ಇನ್ನು ಅಂಗವಿಕಲ ಬಂಧುಗಳ ಮಾತು. 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸಾಂಸ್ಕೃತಿಕ ಜೀವನದಲ್ಲಿ ಅವರಿಗೆ ಸಮಪಾಲಿದೆ ಎಂದೂ ಹೇಳಿದೆ. ಇದು ದಯೆಯ ಮಾತಲ್ಲ, ಹಕ್ಕಿನ ಮಾತು. ದುಡಿಯುವ ನಮಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಟ್ಟಿಲಿದ್ದಲ್ಲಿ ಹಲಗೆಯ ಇಳಿಜಾರು ಹಾಕಿಸಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವೆಂಬುದು ಲೆಕ್ಕ. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ತಾನಾಗಿ ಹತ್ತುವುದಿಲ್ಲ. ನಾಲ್ಕು ಜನ ಕುರ್ಚಿಯನ್ನೆತ್ತಿ ಒಳಗಿಡುವುದು ಉಪಕಾರವೆಂದು ನಮಗೆ ತೋರಬಹುದು, ಎತ್ತಿಸಿಕೊಂಡವನಿಗೆ ಅದು ಸಂಕೋಚ. ಕಿವುಡರಿಗಾಗಿ ಸಂಜ್ಞಾಭಾಷೆ ಬಲ್ಲವರೊಬ್ಬರನ್ನು ರಂಗದ ಪಕ್ಕ, ಬೆಳಕಿನಲ್ಲಿ ನಿಲ್ಲಿಸೋಣ. ಕಣ್ಣು ಕಾಣದವರ ಪಕ್ಕದಲ್ಲಿ ಕುಳಿತು ಬಣ್ಣ, ವೇಷ, ಚಲನೆಗಳನ್ನು ಮೆಲುದನಿಯಲ್ಲಿ ವರ್ಣಿಸಲು ನಮ್ಮ ಕಲಾವಿದರೇ ಮುಂದೆ ಬರಲಿ. ಸದ್ದು ಸಹಿಸಲಾಗದ ಮಕ್ಕಳಿಗೂ ಹಾಲೂಡಿಸುವ ತಾಯಂದಿರಿಗೂ ಒಂದು ಶಾಂತವಾದ ಕೋಣೆ ಬೇಕು.

ಹೆಂಗಸರ ಶೌಚಾಲಯಕ್ಕೆ ದೀಪ, ನೀರು, ಒಳಚಿಲಕ ಇವೆಯೇ ಎಂದು ಹಿಂದಿನ ದಿನವೇ ನೋಡಿಬರಬೇಕು. ದ್ವಾರದಲ್ಲಿ ಸ್ತ್ರೀ ಸ್ವಯಂಸೇವಕರಿರಬೇಕು. ಯಾರಾದರೂ ಕೀಟಲೆ ಮಾಡಿದರೆಂದು ಹೆಣ್ಣುಮಗಳು ದೂರಿದಾಗ, ಸಂಘದ ಮಾನ ಹೋದೀತೆಂದು ಅವಳ ಬಾಯಿ ಮುಚ್ಚಿಸಬಾರದು. ಮಾನ ಹೋಗುವುದು ಮುಚ್ಚಿಸಿದಾಗಲೇ. ತುರ್ತು ಕರೆಗೆ 112, ಮಕ್ಕಳ ಸಹಾಯಕ್ಕೆ 1098 ಎಂದು ಕನ್ನಡ, ಮರಾಠಿ, ಹಿಂದಿಗಳಲ್ಲಿ ದೊಡ್ಡದಾಗಿ ಬರೆಸಿ ಹಚ್ಚೋಣ.

ಕಡೆಯ ಮಾತು ಮುಂದಿನ ಸಾಲಿನದು. ಇದನ್ನು ಹೇಳಲು ಸ್ವಲ್ಪ ಸಂಕೋಚವಿದೆ, ಆದರೂ ಹೇಳುತ್ತೇನೆ. ಮುಂದಿನ ಸೋಫಾಗಳನ್ನು ದಾನಿಗಳಿಗೂ ಗಣ್ಯರಿಗೂ ಮೀಸಲಿಡುವುದು ರೂಢಿ. ಅವರು ತಡವಾಗಿ ಬರುತ್ತಾರೆ, ಬೇಗ ಹೊರಡುತ್ತಾರೆ. ಹಿಂದೆ ಗೋಡೆಗೊರಗಿ ನಿಂತವರು ಮಂಗಳ ಹಾಡುವವರೆಗೂ ನಿಂತೇ ಇರುತ್ತಾರೆ. ದಾನಿಗಳ ಋಣ ದೊಡ್ಡದು, ಅವರಿಗೆ ರಂಗದ ಮೇಲೆ ಹಾರ ಹಾಕೋಣ, ಶಾಲು ಹೊದಿಸೋಣ. ಆದರೆ ಮುಂದಿನ ಸಾಲು ಕಿವಿ ಮಂದವಾದವರಿಗೆ, ಕಣ್ಣು ಮಬ್ಬಾದವರಿಗೆ, ಗಾಲಿಕುರ್ಚಿಯವರಿಗೆ, ವೃದ್ಧರಿಗೆ ಸಲ್ಲಲಿ. ನಮ್ಮ ದಾನಿಗಳಲ್ಲಿ ಅನೇಕರು ಮೇಜು ಒರೆಸುತ್ತಲೇ ಮೇಲೆ ಬಂದವರು. ವಿಷಯ ತಿಳಿಸಿದರೆ ಸಂತೋಷದಿಂದ ಒಪ್ಪುವರೆಂಬ ನಂಬಿಕೆ ನನಗಿದೆ.

ದಿನವಿಡೀ ಬೇರೆಯವರನ್ನು ಕೂರಿಸಿ ಬಡಿಸುವವರು ನಾವು. ಹಸಿದು ಬಂದವನನ್ನು ಬಾಗಿಲಲ್ಲಿ ನಿಲ್ಲಿಸುವುದು ನಮ್ಮ ಕಸುಬಿಗೆ ಒಪ್ಪದು. ಕಲೆಗೂ ಒಂದು ಹಸಿವಿದೆ. ಪಂಕ್ತಿಯಲ್ಲಿ ಒಂದು ಎಲೆಯೂ ಬಿಟ್ಟುಹೋಗದಂತೆ ನೋಡಿಕೊಳ್ಳೋಣ. ಇಂದೇ ದ್ವಾರ, ಬೆಂಕಿ, ಆಸನ, ಆರೈಕೆ ಎಂಬ ನಾಲ್ಕು ತಂಡಗಳಿಗೆ ಹೆಸರು ಕೊಡಬೇಕೆಂದು ತಮ್ಮೆಲ್ಲರಲ್ಲಿ ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.